ಹತ್ತನೇ ಯಂತ್ರದ ನರಭಕ್ಷಣೆ

ನಮ್ಮ ನಿಘಂಟಿನ ಕಚೇರಿಗೆ ಬರುವ ಪತ್ರಗಳಲ್ಲಿ ಎರಡೇ ಬಗೆ. ಈ ಪದವನ್ನು ಯಾಕೆ ಬಿಟ್ಟಿರಿ ಎಂದು ಬೈಯುವವು ಒಂದು, ಈ ಪದವನ್ನು ಯಾಕೆ ಸೇರಿಸಿದಿರಿ ಎಂದು ಬೈಯುವವು ಇನ್ನೊಂದು. ಇಪ್ಪತ್ತೆರಡು ವರ್ಷಗಳಿಂದ ಎರಡನ್ನೂ ಓದಿ, ಎರಡಕ್ಕೂ ನಯವಾಗಿ ಉತ್ತರ ಬರೆದು ಕಡತಕ್ಕೆ ಸೇರಿಸುವುದು ನನ್ನ ಕೆಲಸ. ಆ ದಿನ ಬಂದ ಪತ್ರ ಯಾವ ಬಗೆಗೂ ಸೇರಿರಲಿಲ್ಲ. ಗೆರೆ ಹಾಕಿದ ಹಾಳೆಯ ಮೇಲೆ, ಒಂದಕ್ಷರ ಇನ್ನೊಂದಕ್ಕೆ ತಾಗದಂತೆ ಬಿಡಿಸಿ ಬರೆದಿದ್ದರು.

“ಮಾನ್ಯರೇ, ನಾನು ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಯಂತ್ರಗಳನ್ನು ದುರಸ್ತಿ ಮಾಡುವವಳು. ನಿಮ್ಮ ನಿಘಂಟನ್ನು ನಂಬಿ ಒಂದು ಪದ ಬರೆದೆ. ಈಗ ಅಮಾನತಾಗಿ ಮನೆಯಲ್ಲಿದ್ದೇನೆ. ದೂರಲು ಬರೆಯುತ್ತಿಲ್ಲ. ಆ ಪದ ಸರಿಯಿದ್ದರೆ ಸರಿಯೆಂದು ಬರೆದುಕೊಡಿ. ತಪ್ಪಾಗಿದ್ದರೆ ಸರಿಯಾದದ್ದು ಯಾವುದೆಂದು ತಿಳಿಸಿ. ನಾನು ಕೆಲಸಕ್ಕೆ ಮರಳಿದ ಮೇಲೆ ಅದನ್ನು ಮತ್ತೆ ಬರೆಯಬೇಕಾಗುತ್ತದೆ.”

ಜೊತೆಗೆ ದುರಸ್ತಿ ಪುಸ್ತಕದ ಒಂದು ಪುಟದ ನಕಲು ಇತ್ತು. ಅದರಲ್ಲಿ ಒಂದು ಸಾಲಿನ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು: “ಆರನೇ ಯಂತ್ರದ ದುರಸ್ತಿಗಾಗಿ ಹತ್ತನೇ ಯಂತ್ರದ ನರಭಕ್ಷಣೆ ಮಾಡಲಾಯಿತು.”

ನನಗೆ ನಗು ತಡೆಯಲಾಗಲಿಲ್ಲ. ಗಾಜಿನ ಕೋಣೆಯೊಳಗಿಂದ ನಮ್ಮ ಪ್ರಧಾನ ಸಂಪಾದಕರು ಕತ್ತೆತ್ತಿ ನೋಡಿದರು. ಅವರಿಗೆ ಎಪ್ಪತ್ತಾರು ವರ್ಷ. ನಾವೆಲ್ಲ ಅವರನ್ನು ‘ದೊಡ್ಡವರು’ ಎಂದೇ ಕರೆಯುವುದು. ನಗುತ್ತಲೇ ಕಪಾಟಿನಿಂದ ನಮ್ಮ ದ್ವಿಭಾಷಾ ನಿಘಂಟನ್ನು ಇಳಿಸಿ ಪುಟ ತಿರುವಿದೆ. ‘ಕ್ಯಾನಿಬಲಿಸಂ: ನರಭಕ್ಷಣೆ, ಮನುಷ್ಯನು ಮನುಷ್ಯನ ಮಾಂಸವನ್ನು ತಿನ್ನುವುದು’ ಎಂದಿತ್ತು. ಅದರ ಕೆಳಗೆ ಕ್ರಿಯಾಪದ, ‘ಕ್ಯಾನಿಬಲೈಸ್: ಮೇಲಿನದನ್ನು ನೋಡಿ.’

ನಗು ಅಲ್ಲಿಗೇ ನಿಂತಿತು. ಹಿಂದಿನ ಕೋಣೆಯ ಡ್ರಾಯರುಗಳಲ್ಲಿ ಹುಡುಕಿ ಆ ಪದದ ಚೀಟಿಗಳನ್ನು ತೆಗೆದೆ. ಮೂರು ಚೀಟಿಗಳಿದ್ದವು. ಒಂದರಲ್ಲಿ ಮನುಷ್ಯರ ವಿಷಯ. ಇನ್ನೊಂದರಲ್ಲಿ ತನ್ನ ಮರಿಗಳನ್ನೇ ನುಂಗುವ ಮೀನಿನ, ಗಂಡನ್ನೇ ತಿಂದುಬಿಡುವ ಜೇಡದ ವಿಷಯ. ಮೂರನೆಯದನ್ನು ಲಾರಿ ವರ್ಕ್‌ಶಾಪಿನ ಕೈಪಿಡಿಯೊಂದರಿಂದ ಯಾರೋ ಎತ್ತಿಕೊಂಡಿದ್ದರು: ಕೆಟ್ಟು ನಿಂತ ಲಾರಿಯ ಭಾಗ ಬಿಚ್ಚಿ ಇನ್ನೊಂದು ಲಾರಿಗೆ ಹಾಕುವುದು. ಕೊನೆಯ ಎರಡು ಚೀಟಿಗಳ ಮೂಲೆಯಲ್ಲಿ ‘ಮೇಲಿನದನ್ನು ನೋಡಿ’ ಎಂದು ಬರೆದವನು ನಾನೇ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಅಕ್ಷರ ನನ್ನದೇ, ಸಂದೇಹವೇ ಇಲ್ಲ. ಮೂರು ಅರ್ಥಗಳನ್ನು ಬಿಡಿಸಿ ಬರೆಯುವ ತಾಳ್ಮೆ ಇರಲಿಲ್ಲ, ಐದೂವರೆಯ ಬಸ್ಸು ಹಿಡಿಯುವ ಆತುರವಿತ್ತು.

ಪತ್ರವನ್ನೂ ಚೀಟಿಗಳನ್ನೂ ದೊಡ್ಡವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಮೇಲೇರಿಸಿ ಎಲ್ಲವನ್ನೂ ಓದಿದರು.

“ಅರ್ಥ ಕೊಡೋರು ನಾವಲ್ಲ ಕಣಪ್ಪ, ಪದ ಬಳಸೋರು. ನಾವು ಬರ್ಕೊಳ್ಳೋರು ಅಷ್ಟೆ. ನೀನು ಬರ್ಕೊಳ್ಳಲಿಲ್ಲ.”

“ತಪ್ಪಾಯ್ತು ಸರ್.”

“ತಪ್ಪಾಯ್ತು ಅಂತ ನನಗೆ ಹೇಳಿದ್ರೆ ಏನು ಬಂತು? ಆ ಹೆಣ್ಣುಮಗಳಿಗೆ ಹೋಗಿ ಹೇಳು. ಅವಳು ಏನ್ಮಾಡ್ತಾಳೆ ಅಂತ ಕಣ್ಣಾರೆ ನೋಡ್ಕೊಂಡು ಬಾ.”

ಮರುದಿನ ಬೆಳಿಗ್ಗೆ ಪತ್ರದಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ನಾಲ್ಕಂತಸ್ತಿನ ಹಳೆಯ ಕಟ್ಟಡದ ಮೂರನೇ ಮಹಡಿ. ಬಾಗಿಲು ತೆಗೆದವರು ಅವಳ ಅತ್ತೆ. ದಪ್ಪ ಕನ್ನಡಕ, ಕೈಯಲ್ಲಿ ಹೆಣೆಯುತ್ತಿದ್ದ ಉಣ್ಣೆಯ ಕಾಲುಚೀಲ. ನಿಘಂಟಿನ ಕಚೇರಿಯಿಂದ ಬಂದಿದ್ದೇನೆ ಎನ್ನುವಷ್ಟರಲ್ಲಿ ಆಕೆ ಶುರುಮಾಡಿದರು.

“ಓಹೋ, ನೀವೇನಾ ಆ ಪುಸ್ತಕದೋರು? ಬನ್ನಿ, ಬನ್ನಿ. ನನ್ನ ಸೊಸೆ ಮನುಷ್ಯರನ್ನ ತಿಂತಾಳೆ ಅಂತ ಈ ಬೀದಿಗೆಲ್ಲ ಗೊತ್ತಾಗಿದೆ. ಮೀನಿನ ಮುಳ್ಳು ಬಿಡಿಸೋಕೂ ಹೆದರೋ ಹೆಂಗಸು ಅವಳು! ಮೊನ್ನೆ ಕೆಳಗಿನ ಮನೆಯೋಳು ಮಗೂನ ಎತ್ಕೊಂಡು ಒಳಗೆ ಹೋದ್ಲು, ಇವಳು ಮೆಟ್ಲು ಇಳೀತಿದ್ದಾಳೆ ಅಂತ.”

“ಅತ್ತೆ, ಅವರು ಮಳೆ ಬರ್ತಿದೆ ಅಂತ ಹೋದದ್ದು,” ಎಂದು ಒಳಗಿನಿಂದ ಧ್ವನಿ ಬಂತು.

“ನಿನಗೆ ಎಲ್ಲಾರೂ ಒಳ್ಳೆಯೋರೇ,” ಎಂದು ಅತ್ತೆ ನನ್ನನ್ನು ಒಳಗೆ ಬಿಟ್ಟರು.

ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಯೊಂದು ಬಿಚ್ಚಿಕೊಂಡು ಬಿದ್ದಿತ್ತು. ಸ್ಕ್ರೂಗಳು ಒಂದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತಿದ್ದವು. ಅದರ ಹಿಂದೆ ಕೂತಿದ್ದವಳು ಕುಳ್ಳಗೆ, ಸಣಕಲಾಗಿ, ನಲವತ್ತರ ಆಸುಪಾಸಿನ ಹೆಂಗಸು. ಉಗುರುಗಳನ್ನು ಮಾಂಸದವರೆಗೂ ಕತ್ತರಿಸಿದ್ದಳು. ಯಾರ ಇಸ್ತ್ರಿಪೆಟ್ಟಿಗೆ ಎಂದು ಕೇಳಿದೆ.

“ಕೆಳಗಿನ ಮನೆಯೋರದ್ದು,” ಎಂದಳು. ಅತ್ತೆ ಮೂಗು ಮುರಿದರು.

ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಚೀಟಿಗಳನ್ನು ತೋರಿಸಿದೆ, ಐದೂವರೆಯ ಬಸ್ಸಿನ ವಿಷಯವನ್ನೂ ಮುಚ್ಚಿಡಲಿಲ್ಲ. ಬೈಗುಳ ತಿನ್ನಲು ತಯಾರಾಗಿಯೇ ಹೋಗಿದ್ದೆ. ಅವಳು ಮೂರನೇ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

“ಹಾಗಾದ್ರೆ ಈ ಅರ್ಥ ಇದೆ,” ಎಂದಳು. ಅವಳ ಮುಖ ಅರಳಿತು. “ನಾನೇ ಕಟ್ಟಿದ್ದು ಅಂತ ಆಸ್ಪತ್ರೆಯೋರು ಹೇಳ್ತಿದ್ರು.”

ಆಮೇಲೆ ನಡೆದದ್ದನ್ನು ಹೇಳಿದಳು. ಅವಳ ವಿಭಾಗದಲ್ಲಿ ಹತ್ತು ಯಂತ್ರಗಳು, ಎಲ್ಲವೂ ಒಂದೇ ಮಾದರಿ. ಮೂತ್ರಪಿಂಡ ಕೆಲಸ ನಿಲ್ಲಿಸಿದವರ ರಕ್ತವನ್ನು ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಕಳಿಸುವ ಯಂತ್ರಗಳು. ಒಬ್ಬೊಬ್ಬರಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ದಿನಕ್ಕೆ ಮೂರು ಪಾಳಿ. ಒಂದು ಯಂತ್ರವೆಂದರೆ ಆರು ಜನ. ಮೂರು ವರ್ಷಗಳ ಹಿಂದೆ ಚಾವಣಿಯ ಕೊಳವೆ ಒಡೆದು ಹತ್ತನೇ ಯಂತ್ರದೊಳಗೆ ನೀರು ನುಗ್ಗಿ ಅದರ ಮುಖ್ಯ ಫಲಕ ಸುಟ್ಟುಹೋಯಿತು. ಅಷ್ಟರಲ್ಲಿ ಆ ಮಾದರಿ ತಯಾರಾಗುವುದೇ ನಿಂತಿತ್ತು. ಹೊಸ ಬಿಡಿಭಾಗ ಕೇಳಿದರೆ ಎಂಟು ತಿಂಗಳು, ಹತ್ತು ತಿಂಗಳು.

“ಹತ್ತನೆಯದು ಎದ್ದೇಳಲ್ಲ ಅಂತ ಗೊತ್ತಾಯ್ತು. ಅದರ ಭಾಗ ಉಳಿದವಕ್ಕೆ ಹಾಕ್ಲಾ ಅಂತ ನಾಲ್ಕು ಸಲ ಬರೆದು ಕೇಳ್ದೆ. ಉತ್ತರ ಬರಲಿಲ್ಲ. ಐದನೇ ಸಲ ಕೇಳಲಿಲ್ಲ, ಬಿಚ್ಚಿದೆ. ಅದು ನನ್ನ ತಪ್ಪು, ಅದನ್ನ ಒಪ್ಕೋತೀನಿ.”

“ಮತ್ತೆ ಪದ?”

“ವರ್ಕ್‌ಶಾಪಲ್ಲಿ ಎಲ್ಲರೂ ‘ಕ್ಯಾನಿಬಲ್ ಮಾಡೋದು’ ಅಂತಾನೇ ಹೇಳೋದು. ಈ ವರ್ಷದಿಂದ ಎಲ್ಲಾ ದಾಖಲೆ ನಮ್ಮ ಭಾಷೇಲೇ ಬರೀಬೇಕು ಅಂತ ಆದೇಶ ಬಂತು. ಸರಿ, ನಿಮ್ಮ ಪುಸ್ತಕ ತೆಗೆದೆ. ಓದಿದಾಗ ನನಗೂ ಒಂಥರಾ ಅನಿಸ್ತು. ಆದ್ರೆ ದೊಡ್ಡೋರು ಕೂತು ಬರೆದಿರೋದು, ನಾನ್ಯಾರು ತಿದ್ದೋಕೆ?”

ಪರಿಶೀಲನೆಗೆ ಬಂದವರು ಆ ಪುಟ ನೋಡಿ ಬೆಚ್ಚಿಬಿದ್ದರಂತೆ. ಯಾರೋ ಅದರ ಫೋಟೋ ತೆಗೆದರು. ಫೋನಿಂದ ಫೋನಿಗೆ ಹಾರಿ ಸಂಜೆಯ ಹೊತ್ತಿಗೆ ಅದು ‘ಡಯಾಲಿಸಿಸ್ ವಿಭಾಗದಲ್ಲಿ ನರಭಕ್ಷಣೆ’ ಎಂದಾಗಿತ್ತು. ಎರಡು ಮನೆಯವರು ಬಂದು ತಮ್ಮ ರೋಗಿಗಳನ್ನು ಕರೆದುಕೊಂಡು ಹೋಗಲು ಗಲಾಟೆ ಮಾಡಿದರು. ಆಡಳಿತದವರು ಗಾಬರಿಯಾಗಿ ಅವಳನ್ನು ಅಮಾನತು ಮಾಡಿದರು, ಹತ್ತನೇ ಯಂತ್ರಕ್ಕೆ ಮೊಹರು ಹಾಕಿದರು. ಆರೋಪ ಎರಡು: ಅಪ್ಪಣೆಯಿಲ್ಲದೆ ಆಸ್ಪತ್ರೆಯ ಆಸ್ತಿ ನಾಶ ಮಾಡಿದ್ದು, ಅದನ್ನು ಗೇಲಿಯ ಮಾತಿನಲ್ಲಿ ದಾಖಲಿಸಿದ್ದು.

“ಗೇಲಿ ಅಂತೆ!” ಎಂದರು ಅತ್ತೆ. “ಮದುವೆಯಾಗಿ ಹದಿನೈದು ವರ್ಷ ಆಯ್ತು, ಇವಳ ಬಾಯಿಂದ ಒಂದು ಜೋಕು ಕೇಳಿಲ್ಲ ನಾನು.”

ಅಂದು ಮಧ್ಯಾಹ್ನ ಸಂದರ್ಶಕರ ವೇಳೆಯಲ್ಲಿ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ವಿಭಾಗದೊಳಗೆ ಕಾಲಿಡಲು ಅವಳಿಗೆ ಅಪ್ಪಣೆಯಿರಲಿಲ್ಲ. ಕಾರಿಡಾರಿನ ದೊಡ್ಡ ಗಾಜಿನ ಈಚೆ ನಿಂತು ತೋರಿಸಿದಳು. ಒಳಗೆ ಒಂಬತ್ತು ಹಾಸಿಗೆ, ಒಂಬತ್ತು ಯಂತ್ರ, ಎಲ್ಲದರ ನೆತ್ತಿಯ ಮೇಲೂ ಹಸಿರು ದೀಪ. ಕೆಂಪು ಕೊಳವೆಗಳಲ್ಲಿ ರಕ್ತ ಸುತ್ತುತ್ತಿತ್ತು. ಕೆಲವರು ನಿದ್ದೆ ಹೋಗಿದ್ದರು, ಒಬ್ಬಾಕೆ ಮಗಳ ಜೊತೆ ಪದಬಂಧ ಬಿಡಿಸುತ್ತಿದ್ದಳು. ಮೂಲೆಯಲ್ಲಿ, ಗಾಜಿಗೆ ಹತ್ತಿರದಲ್ಲೇ, ಹತ್ತನೆಯದು. ಅದರ ಸುತ್ತ ಅಡ್ಡಾದಿಡ್ಡಿ ಕೆಂಪು ಪಟ್ಟಿ ಅಂಟಿಸಿದ್ದರು. ಮುಂದಿನ ಮುಚ್ಚಳ ಇರಲಿಲ್ಲ. ಒಳಗೆಲ್ಲ ಖಾಲಿ ಗೂಡುಗಳು. ಪ್ರತಿ ಗೂಡಿನಲ್ಲೂ ದಾರ ಕಟ್ಟಿದ ಒಂದೊಂದು ಕಾಗದದ ಚೀಟಿ ತೂಗುತ್ತಿತ್ತು.

ಗಾಜಿಗೆ ಮೂಗು ಒತ್ತಿ ಓದಿದೆ. ‘ನೀರು ಬಿಸಿಮಾಡುವ ಸುರುಳಿ. ಆರನೇ ಯಂತ್ರಕ್ಕೆ. ನಡೆಯುತ್ತಿದೆ.’ ‘ರಕ್ತದ ಪಂಪಿನ ಮೋಟಾರು. ಎರಡನೇ ಯಂತ್ರಕ್ಕೆ. ನಡೆಯುತ್ತಿದೆ.’ ‘ಒತ್ತಡದ ಕವಾಟ. ಮೊದಲು ಒಂಬತ್ತಕ್ಕೆ, ಈಗ ಮೂರಕ್ಕೆ. ನಡೆಯುತ್ತಿದೆ.’ ಒಂದೊಂದರಲ್ಲೂ ತಾರೀಖು, ಸಹಿ. ಒಟ್ಟು ಇಪ್ಪತ್ಮೂರು ಚೀಟಿಗಳು. ಇಪ್ಪತ್ತೆರಡರಲ್ಲಿ ‘ನಡೆಯುತ್ತಿದೆ’, ಒಂದರಲ್ಲಿ ಮಾತ್ರ ‘ನಿಂತಿತು, ನನ್ನ ತಪ್ಪು’.

ಚೀಟಿ ಬರೆಯುವುದೇ ಕೆಲಸವಾದ ನಾನು ಇಪ್ಪತ್ತೆರಡು ವರ್ಷಗಳಲ್ಲಿ ‘ನನ್ನ ತಪ್ಪು’ ಎಂದು ಬರೆದ ಚೀಟಿ ಒಂದೂ ಇರಲಿಲ್ಲ.

ಅಷ್ಟರಲ್ಲಿ ಪಾಳಿ ಮುಗಿಸಿದ ಮುದುಕರೊಬ್ಬರು ತೋಳಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರು. ನಿವೃತ್ತ ರೈಲು ಚಾಲಕರು. ಆರು ವರ್ಷಗಳಿಂದ ನಾಲ್ಕನೇ ಯಂತ್ರದ ಗಿರಾಕಿ.

“ಏನಮ್ಮ ಸ್ಕ್ರೂ ಅಕ್ಕ, ಯಾವಾಗ ಬರ್ತೀಯ? ನನ್ನ ಗಾಡಿ ಮೊನ್ನೆಯಿಂದ ಸುಮ್ಸುಮ್ನೆ ಸಿಳ್ಳೆ ಹೊಡೀತಿದೆ.”

ಅವಳ ಮುಖದ ಮೇಲಿದ್ದ ನಗು ಮಾಯವಾಯಿತು. “ಎಂಥಾ ಸಿಳ್ಳೆ ತಾತ? ಉದ್ದಕ್ಕಾ, ತುಂಡುತುಂಡಾ?”

“ತುಂಡುತುಂಡು. ಗಾಳಿಗುಳ್ಳೆ ಅಂತ ಪರದೆ ಮೇಲೆ ಬರುತ್ತೆ. ನರ್ಸಮ್ಮ ಬಂದು ನೋಡಿದ್ರೆ ಗುಳ್ಳೆ ಗಿಳ್ಳೆ ಏನೂ ಇರಲ್ಲ.”

ಮರಳಿ ಹೋಗುವಾಗ ದಾರಿಯಲ್ಲಿ ಅವಳು ನನಗೆ ಅರ್ಥ ಮಾಡಿಸಿದಳು. ತೊಳೆದ ರಕ್ತ ಮೈಗೆ ಮರಳುವ ಮುನ್ನ ಕೊಳವೆಯಲ್ಲಿ ಗಾಳಿಯ ಗುಳ್ಳೆ ಇದೆಯೇ ಎಂದು ಕಾಯುವ ಒಂದು ಪುಟ್ಟ ಭಾಗವಿರುತ್ತದೆ, ಹೆಬ್ಬೆರಳಿನಷ್ಟು. ಗುಳ್ಳೆ ಹೃದಯ ಸೇರಿದರೆ ಜೀವಕ್ಕೇ ಅಪಾಯ, ಹಾಗಾಗಿ ಅನುಮಾನ ಬಂದರೆ ಸಾಕು, ಅದು ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ನಾಲ್ಕನೇ ಯಂತ್ರದ್ದು ಕಣ್ಣು ಮಂಜಾಗಿ ಇಲ್ಲದ್ದನ್ನು ಕಾಣುತ್ತಿದೆ. ಇಂದೋ ನಾಳೆಯೋ ಪೂರ್ತಿ ನಿಲ್ಲುತ್ತದೆ.

“ಹತ್ತನೆಯದರಲ್ಲಿ ಆ ಭಾಗ ಇದೆಯಾ?”

“ಇದೆ. ಅದು ಒಂದೇ ಒಳ್ಳೇದು ಉಳಿದಿರೋದು. ಕೆಂಪು ಪಟ್ಟಿ ಒಳಗೆ.”

ನಾಲ್ಕನೇ ಯಂತ್ರ ನಿಂತದ್ದು ಎರಡು ದಿನಗಳ ನಂತರ. ಆರು ರೋಗಿಗಳನ್ನು ಉಳಿದ ಯಂತ್ರಗಳಿಗೆ ಹಂಚಿ, ಎಲ್ಲರ ನಾಲ್ಕು ಗಂಟೆಯನ್ನು ಮೂರು ಗಂಟೆಗೆ ಇಳಿಸಿದರು. ಮೂರನೇ ದಿನಕ್ಕೆ ರೈಲು ಚಾಲಕರ ಕಾಲು ಊದಿಕೊಂಡು ಚಪ್ಪಲಿ ಹಿಡಿಸದಂತಾಯಿತು. ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಪದದ ವಿಷಯದಲ್ಲಿ ಸಾಕ್ಷಿ ಹೇಳಲು ನನ್ನನ್ನೂ ಕರೆಸಿದ್ದರು.

ಆಡಳಿತ ಕಟ್ಟಡದ ಎರಡನೇ ಮಹಡಿಯ ಕೋಣೆ. ಉದ್ದನೆ ಮೇಜು, ನೀರಿನ ಜಗ್ಗು, ಒಂದು ಕಾಲು ಕುಂಟುವ ಕುರ್ಚಿ; ಆ ಕುರ್ಚಿ ನನ್ನ ಪಾಲಿಗೆ ಬಂತು. ತನಿಖಾಧಿಕಾರಿಗೆ ಜೋರು ನೆಗಡಿ. ಕೆಟ್ಟ ಮನುಷ್ಯನೇನಲ್ಲ, ಇನ್ನೂರು ಪುಟ ಓದಿಕೊಂಡು ಬಂದಿದ್ದರು, ಅವಳ ನಾಲ್ಕು ಅರ್ಜಿಗಳನ್ನೂ ಹುಡುಕಿ ಮೇಲಿಟ್ಟುಕೊಂಡಿದ್ದರು.

“ನೋಡಿ,” ಎಂದು ನನ್ನ ಕಡೆ ತಿರುಗಿದರು, “ಯಂತ್ರಕ್ಕೆ ನರಭಕ್ಷಣೆ ಅಂತ ಯಾರಾದ್ರೂ ಹೇಳ್ತಾರೇನ್ರಿ?”

“ಹೇಳಬಾರ್ದಿತ್ತು ಸರ್. ಆ ತಪ್ಪು ನಂದು.” ಚೀಟಿಗಳನ್ನು ಮೇಜಿನ ಮೇಲಿಟ್ಟೆ. “ಈ ಪದಕ್ಕೆ ಮೂರು ಅರ್ಥ ಇದೆ. ನಾನು ಎರಡನ್ನ ನುಂಗಿಹಾಕಿದೆ. ‘ನರ’ ಅಂದ್ರೆ ಮನುಷ್ಯ, ಅದು ಇಲ್ಲಿ ಸಲ್ಲಲ್ಲ. ಆದ್ರೆ ‘ಭಕ್ಷಣೆ’ ಸಲ್ಲುತ್ತೆ. ನಮ್ಮ ಭಾಷೇಲಿ ತಿನ್ನೋದು ಅಂದ್ರೆ ಬರೀ ಊಟ ಅಲ್ವಲ್ಲ. ತುಕ್ಕು ಕಬ್ಬಿಣ ತಿನ್ನುತ್ತೆ, ಹುಳು ಮರ ತಿನ್ನುತ್ತೆ. ಏಟು ತಿಂತೀವಿ, ತಲೆ ತಿಂತೀವಿ...”

“ನನ್ನ ತಲೆ ತಿನ್ನೋರಿಗೂ ನಿಮ್ಮ ಪುಸ್ತಕದಲ್ಲಿ ಜಾಗ ಇದೆಯೇನ್ರಿ?” ಎಂದು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಅವರ ಕಣ್ಣಲ್ಲಿ ನಗು ಕಂಡಿತು. ಆಮೇಲೆ ಅವಳ ಕಡೆ ನೋಡಿದರು. “ಅಮ್ಮ, ನಿಮ್ಮ ಅರ್ಜಿಗೆ ಉತ್ತರ ಕೊಡದೆ ಇದ್ದದ್ದು ನಮ್ಮೋರ ತಪ್ಪು. ಅಪ್ಪಣೆ ವಿಷಯ ನಾನು ನೋಡ್ಕೋತೀನಿ. ಮೇಲಿನೋರಿಗೆ ಚುಚ್ತಿರೋದು ಈ ಪದ. ಆ ಸಾಲು ಹೊಡೆದುಹಾಕಿ, ‘ಬಿಡಿಭಾಗಗಳ ಮರುಬಳಕೆ’ ಅಂತ ಬರೆದು ಸಹಿ ಹಾಕಿ. ಇವತ್ತೇ ಕಡತ ಮುಚ್ತೀನಿ. ನಾಳೆ ಕೆಲಸಕ್ಕೆ ಬನ್ನಿ.”

ನಾನು ಮನಸ್ಸಿನಲ್ಲೇ ಕೈ ಮುಗಿದೆ. ಇದಕ್ಕಿಂತ ಒಳ್ಳೆಯ ಮಾತು ಯಾರು ಆಡಿಯಾರು? ಅವಳು ಪೆನ್ನು ತೆಗೆದುಕೊಂಡಳು. ಸ್ವಲ್ಪ ಹೊತ್ತು ಪುಟವನ್ನು ನೋಡಿದಳು. ‘ನರ’ ಎಂಬ ಎರಡಕ್ಷರ ಹೊಡೆದುಹಾಕಿ ಸಹಿ ಹಾಕಿದಳು. ಪೆನ್ನು ಕೆಳಗಿಟ್ಟಳು.

“ಇಷ್ಟೇ ಸರ್. ಭಕ್ಷಣೆ ಹಾಗೇ ಇರಲಿ.”

“ಯಾಕಮ್ಮ ಹಟ?”

“ಹಟ ಅಲ್ಲ ಸರ್. ಮುಂಚೆ ಬೇರೆ ಆಸ್ಪತ್ರೇಲಿದ್ದೆ. ಅಲ್ಲಿ ಇದಕ್ಕೆ ‘ಅಡ್ಜಸ್ಟ್ ಮಾಡೋದು’ ಅಂತಿದ್ರು. ಒಂದು ಯಂತ್ರ ಫ್ಯೂಸಿಗೆ ಕಾಯ್ತಿತ್ತು, ಒಂದು ವಾರದ ಮಾತು. ಅದರಿಂದ ಒಂದು ಭಾಗ ತೆಗೆದು ಇನ್ನೊಂದಕ್ಕೆ ಅಡ್ಜಸ್ಟ್ ಮಾಡಿದ್ರು. ಫ್ಯೂಸ್ ಬಂದಾಗ ಆ ಭಾಗ ಇರಲಿಲ್ಲ. ಅದನ್ನ ಸರಿಮಾಡೋಕೆ ಮತ್ತೊಂದರಿಂದ ತೆಗೆದ್ರು. ಬರೆದಿಡಲಿಲ್ಲ, ಯಾಕಂದ್ರೆ ಅಡ್ಜಸ್ಟ್ ತಾನೇ? ವರ್ಷ ಕಳೆಯೋದ್ರೊಳಗೆ ಐದಿದ್ದದ್ದು ಎರಡಾಯ್ತು. ಒಂದನ್ನೂ ಯಾರೂ ಹಾಳು ಮಾಡಲಿಲ್ಲ ಸರ್, ಎಲ್ಲಾ ಅಡ್ಜಸ್ಟ್ ಆಗಿ ಹೋದ್ವು.”

ಪುಟದ ಮೇಲಿದ್ದ ಆ ಪದದ ಮೇಲೆ ಬೆರಳಿಟ್ಟು ಮುಂದುವರಿಸಿದಳು.

“ಮರುಬಳಕೆ ಅಂತ ಬರೀಬೇಕಾದ್ರೆ ಕೈ ತಡೆಯಲ್ಲ. ಒಳ್ಳೇ ಕೆಲಸ ಮಾಡ್ದೆ ಅನ್ಸುತ್ತೆ. ತಿಂದೆ ಅಂತ ಬರೀಬೇಕಾದ್ರೆ ಒಂದ್ಸಲ ಯೋಚನೆ ಬರುತ್ತೆ. ಇದು ನಿಜವಾಗ್ಲೂ ಎದ್ದೇಳಲ್ವಾ? ಬೇರೆ ದಾರಿ ಇಲ್ವಾ? ನನ್ನ ನಂತರ ಬರೋರಿಗೂ ಆ ಯೋಚನೆ ಬರ್ಲಿ ಅಂತ.”

ಅಧಿಕಾರಿ ಆ ಪುಟವನ್ನು ಕಡತದೊಳಗೆ ಸೇರಿಸಿದರು. “ನಾನು ನಿಮ್ಮ ಮಾತು ಒಪ್ಪಿದ್ರೂ ಈ ಪದ ಇರೋ ಕಡತ ನಾನು ಮುಚ್ಚೋಕಾಗಲ್ಲ. ಮೇಲಕ್ಕೆ ಕಳಿಸ್ಬೇಕು. ಮೂರು ವಾರವೋ, ನಾಲ್ಕು ವಾರವೋ. ಅಲ್ಲೀತನಕ ಅಮಾನತು ಹಾಗೇ ಇರುತ್ತೆ.”

“ಇರ್ಲಿ ಸರ್. ಕಡತ ಎಷ್ಟು ದಿನಾನಾದ್ರೂ ಓಡಾಡ್ಲಿ. ಆದ್ರೆ ನಾಲ್ಕನೇ ಯಂತ್ರದೋರು ಕಾಯೋಕಾಗಲ್ಲ. ಮೊಹರು ಇವತ್ತೇ ತೆಗೆಸಿಕೊಡಿ. ನಾನು ಮುಟ್ಟಲ್ಲ. ಎಕ್ಸ್‌ರೇ ಯಂತ್ರ ನೋಡ್ಕೊಳ್ಳೋ ಮೆಕ್ಯಾನಿಕ್ ಇದ್ದಾರೆ, ಅವರು ಮಾಡ್ಲಿ. ನಾನು ಗಾಜಿನ ಆಚೆ ನಿಂತು ಹೇಳ್ತೀನಿ. ಬೇಕಾದ್ರೆ ನೀವೂ ಜೊತೆಗೆ ನಿಂತ್ಕೊಳ್ಳಿ.”

ಅವರು ಮೂಗು ಒರೆಸಿಕೊಂಡರು, ಕಿಟಕಿಯ ಹೊರಗೆ ನೋಡಿದರು, ಒಂದು ಹಾಳೆ ಎಳೆದುಕೊಂಡು ಅಪ್ಪಣೆ ಬರೆದರು. ಅವಳು ಬಾಯಿಮಾತಿನಲ್ಲೇ ಹಾಕಿದ ಐದನೇ ಅರ್ಜಿಗೆ ಉತ್ತರ ಸಿಕ್ಕಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಕೆಂಪು ಪಟ್ಟಿ ಕಿತ್ತರು. ಎಕ್ಸ್‌ರೇ ಮೆಕ್ಯಾನಿಕ್ ಆರಡಿ ಆಳು, ಬೆರಳುಗಳು ಒಂದೊಂದೂ ಬಾಳೆಕಾಯಿಯಷ್ಟು ದಪ್ಪ. ಗಾಜಿನ ಬಾಗಿಲನ್ನು ಒಂದು ಗೇಣು ತೆರೆದಿಟ್ಟಿದ್ದರು. ಅವಳು ಹೊಸ್ತಿಲ ಈಚೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಪಕ್ಕದಲ್ಲಿ ತನಿಖಾಧಿಕಾರಿ, ಅವರ ಪಕ್ಕದಲ್ಲಿ ನಾನು.

“ಎಡಗಡೆ ಎರಡು ಸ್ಕ್ರೂ, ಕರಿ ತಲೆಯವು. ಮೊದಲು ಕೆಳಗಿನದು ಬಿಚ್ಚಿ. ಪೂರ್ತಿ ತೆಗೀಬೇಡಿ, ಮೂರು ಸುತ್ತು ಸಾಕು.”

“ಮೂರು ಸುತ್ತು,” ಎಂದ ಆತ ಒಳಗಿನಿಂದ.

“ಈಗ ಮೇಲಿನದು. ತಂತಿ ಎಳೀಬೇಡಿ, ಮಿಡಿಯ ತೊಟ್ಟು ಹಿಡಿದ ಹಾಗೆ ಹಿಡೀರಿ. ಹಾಂ, ಹಾಗೇ. ಬೆರಳು ದಪ್ಪ ಅಂತ ಬೇಜಾರು ಮಾಡ್ಕೋಬೇಡಿ, ನಿಧಾನ ಇದ್ರೆ ಸಾಕು.”

ಆತನ ಹಣೆಯ ಮೇಲೆ ಬೆವರು. ಅವಳ ಬೆನ್ನ ಹಿಂದೆ ಬೆರಳುಗಳು ತಾವೇ ಸ್ಕ್ರೂ ತಿರುಗಿಸುತ್ತಿದ್ದವು. ಅವು ನನಗೆ ಕಾಣುತ್ತಿದ್ದವು, ಅವಳಿಗೆ ಗೊತ್ತಿರಲಿಲ್ಲ. ಹೆಬ್ಬೆರಳಿನಷ್ಟಿದ್ದ ಆ ಭಾಗ ಹತ್ತನೇ ಯಂತ್ರದಿಂದ ಹೊರಬಂತು. ಆತ ಅದನ್ನು ಹಿಡಿದು ನಾಲ್ಕನೆಯದರ ಕಡೆ ಹೊರಟ.

“ನಿಲ್ಲಿ,” ಎಂದಳು. “ಮೊದಲು ಚೀಟಿ.”

ಆತ ನಿಂತು, ತಟ್ಟೆಯ ಮೇಲೆ ಹಾಳೆಯಿಟ್ಟು, ಅವಳು ಹೇಳಿದ್ದನ್ನು ಬರೆದು ಖಾಲಿ ಗೂಡಿಗೆ ಕಟ್ಟಿದ. ಆಮೇಲೆಯೇ ನಾಲ್ಕನೆಯದಕ್ಕೆ ಕೈ ಹಾಕಿದ್ದು. ಜೋಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ನಂತರ ಪರೀಕ್ಷೆ. ರೋಗಿಯಿಲ್ಲದೆ, ರಕ್ತವಿಲ್ಲದೆ, ಕೊಳವೆಯಲ್ಲಿ ಬರೀ ಉಪ್ಪುನೀರು ಹರಿಸಿದರು. ಹತ್ತು ನಿಮಿಷ ಹರಿಯಿತು, ಯಂತ್ರ ಸುಮ್ಮನಿತ್ತು. ಇಲ್ಲದ ಗುಳ್ಳೆಗೆ ಸಿಳ್ಳೆ ಹೊಡೆಯುವುದು ನಿಂತಿತ್ತು.

“ಆಯ್ತಲ್ಲ!” ಎಂದರು ತನಿಖಾಧಿಕಾರಿ.

“ಆಗಿಲ್ಲ ಸರ್. ಸುಮ್ನಿರೋದು ದೊಡ್ಡದಲ್ಲ. ಕೂಗ್ಬೇಕಾದಾಗ ಕೂಗುತ್ತಾ ನೋಡ್ಬೇಕು.” ಒಳಗೆ ಹೇಳಿದಳು: “ಸಿರಿಂಜಲ್ಲಿ ಗಾಳಿ ತಗೊಳ್ಳಿ. ಸಾಸಿವೆಯಷ್ಟು. ಒಳಗೆ ಬಿಡಿ.”

ಗುಳ್ಳೆ ಕೊಳವೆಯಲ್ಲಿ ಮೆಲ್ಲನೆ ಸಾಗಿತು. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಹಾಸಿಗೆಗಳ ಮೇಲಿದ್ದವರೂ ಕತ್ತು ಹೊರಳಿಸಿದ್ದರು. ಗುಳ್ಳೆ ಆ ಭಾಗದೊಳಗೆ ಹೊಕ್ಕಿತು. ಯಂತ್ರ ಉದ್ದಕ್ಕೆ, ಕಿವಿ ಸೀಳುವಂತೆ ಕೂಗಿ, ಕೊಳವೆಯನ್ನು ಕಚಕ್ಕನೆ ಕಚ್ಚಿ ಹಿಡಿದು ನಿಂತುಬಿಟ್ಟಿತು.

ಅಷ್ಟು ಕರ್ಕಶವಾದ ಶಬ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಕ್ಸ್‌ರೇ ಮೆಕ್ಯಾನಿಕ್ ಎರಡೂ ಕೈಯೆತ್ತಿ ಕುಣಿದ. ಅವಳು ಮಾತ್ರ “ಇನ್ನೂ ನಾಲ್ಕು ಸಲ” ಎಂದಳು. ಐದು ಸಲವೂ ಯಂತ್ರ ಕೂಗಿತು. ಆಗ ಕೈ ಬಿಡಿಸಿಕೊಂಡು ಗೋಡೆಗೆ ಒರಗಿದಳು. ತನಿಖಾಧಿಕಾರಿ ಓಡಿಹೋಗಿ ಕುರ್ಚಿ ತಂದುಕೊಟ್ಟರು. ಮೂರನೇ ಪಾಳಿಗೆ ರೈಲು ಚಾಲಕರು ಪೂರ್ತಿ ನಾಲ್ಕು ಗಂಟೆ ಮಲಗಿದರು.

ಕಡತ ಮೇಲೆ ಹೋಗಿ ಕೆಳಗೆ ಬರಲು ಹತ್ತೊಂಬತ್ತು ದಿನ ಬೇಕಾಯಿತು. ಅಷ್ಟೂ ದಿನ ಅವಳು ಮಧ್ಯಾಹ್ನದ ಹೊತ್ತು ಸಂದರ್ಶಕರ ಸಾಲಿನಲ್ಲಿ ನಿಂತು ಬಂದು ಗಾಜಿನ ಈಚೆಯಿಂದ ಯಂತ್ರಗಳ ಸದ್ದು ಕೇಳಿಸಿಕೊಂಡು ಹೋಗುತ್ತಿದ್ದಳಂತೆ. ಕೊನೆಗೆ ಅಮಾನತು ರದ್ದಾಯಿತು. ಆದೇಶದ ಕೊನೆಯಲ್ಲಿ ‘ಇನ್ನು ಮುಂದೆ ಪದಬಳಕೆಯಲ್ಲಿ ಎಚ್ಚರ ವಹಿಸತಕ್ಕದ್ದು’ ಎಂದಿತ್ತು. ಭಕ್ಷಣೆ ಎಂಬ ಪದವನ್ನು ಯಾರೂ ತೆಗೆಸಿರಲಿಲ್ಲ. ತನಿಖಾಧಿಕಾರಿ ತಮ್ಮ ವರದಿಯಲ್ಲಿ ಆ ಪದವನ್ನು ತಾವೇ ಏಳು ಸಲ ಬಳಸಿದ್ದರು.

ಇತ್ತ ಕಚೇರಿಯಲ್ಲಿ ನಾನು ಆ ನಮೂದನ್ನು ಹೊಸದಾಗಿ ಬರೆಯಲು ಕೂತೆ. ಒಂದನೆಯದು ಮನುಷ್ಯರದ್ದು, ನರಭಕ್ಷಣೆ. ಎರಡನೆಯದು ಪ್ರಾಣಿಗಳದ್ದು, ಸ್ವಜಾತಿಭಕ್ಷಣೆ. ಮೂರನೆಯದನ್ನು ಎಂಟು ಸಲ ಬರೆದು ಹರಿದೆ. ದೊಡ್ಡವರ ನಿಯಮ ಕಟ್ಟುನಿಟ್ಟು: ಅಚ್ಚಾದ ಆಧಾರವಿಲ್ಲದೆ ಯಾವ ಅರ್ಥವೂ ಒಳಗೆ ಬರಕೂಡದು. ಕೈಪಿಡಿಯ ಚೀಟಿ ಇದ್ದರೂ ಅದರಲ್ಲಿ ಅವಳು ಹೇಳಿದ ಎಚ್ಚರದ ಸುಳಿವೇ ಇರಲಿಲ್ಲ. ವಿಚಾರಣೆಯ ದಿನದ ಕಥೆಯನ್ನು ಅವರಿಗೆ ಹೇಳಿದೆ, ಚೀಟಿಗಳ ವಿಷಯವನ್ನೂ. ‘ನಿಂತಿತು, ನನ್ನ ತಪ್ಪು’ ಎಂಬಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಂತರ ನನ್ನ ಕರಡು ಚೀಟಿ ಕೇಳಿ ತೆಗೆದುಕೊಂಡು, ಆಧಾರದ ಕಾಲಂನಲ್ಲಿ ತಮ್ಮ ಕೈಯಾರೆ ಬರೆದರು: ‘ಕೆಲಸ ಮಾಡುವವರ ಬಾಯಿಂದ ಕೇಳಿದ್ದು.’ ನಲವತ್ತು ವರ್ಷಗಳಲ್ಲಿ ಆ ಕಾಲಂನಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು.

“ಅಚ್ಚಿಗೆ ಹೋಗೋ ಮುಂಚೆ ಅವಳಿಗೆ ತೋರಿಸು,” ಎಂದರು. “ಅವಳು ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ.”

ಕರಡು ಹಿಡಿದು ಹೋದಾಗ ಅವಳು ವಿಭಾಗದೊಳಗೆ ಸ್ಟೂಲಿನ ಮೇಲೆ ಕೂತು ಎಂಟನೇ ಯಂತ್ರದ ಹಿಂಬದಿಯಲ್ಲಿ ತಲೆ ತೂರಿಸಿದ್ದಳು. ಕೈ ತೊಳೆದು, ಒರೆಸಿಕೊಂಡು, ಹಾಳೆ ತೆಗೆದುಕೊಂಡಳು. ನಾನು ಹೀಗೆ ಬರೆದಿದ್ದೆ: ‘೩. ಭಕ್ಷಣೆ: ಬೇಡವಾದ ಒಂದು ಯಂತ್ರದ ಭಾಗಗಳನ್ನು ಬೇರೆ ದಾರಿಯಿಲ್ಲದಾಗ ಬಿಚ್ಚಿ, ಅದೇ ಬಗೆಯ ಇತರ ಯಂತ್ರಗಳನ್ನು ನಡೆಸುವುದು.’

ಅವಳು ತುಟಿಯಾಡಿಸುತ್ತಾ ಓದಿದಳು. “ಬೇರೆ ದಾರಿಯಿಲ್ಲದಾಗ ಅಂತ ಹಾಕಿದ್ದು ಒಳ್ಳೇದಾಯ್ತು,” ಎಂದಳು. ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ. ಆಮೇಲೆ ಬೆರಳು ಒಂದು ಪದದ ಮೇಲೆ ನಿಂತಿತು. “ಇದು ಸರಿಯಿಲ್ಲ. ‘ಬೇಡವಾದ’.”

“ಯಾಕೆ?”

“ಅದು ಬೇಡ ಅಂತ ಯಾರೂ ಹೇಳಿಲ್ಲ. ಎದ್ದಿದ್ರೆ ಬೇಕಾಗಿತ್ತು. ‘ದುರಸ್ತಿಯಾಗದ’ ಅನ್ನಿ.”

ಅಷ್ಟರಲ್ಲಿ ಕೊನೆಯ ಹಾಸಿಗೆಯ ಯಂತ್ರ ಕೂಗಿಕೊಂಡಿತು. ಹಾಳೆಯನ್ನು ನನ್ನ ಕೈಗೆ ತುರುಕಿ, ಜೇಬಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡು ಆ ಕಡೆ ನಡೆದಳು. ನಾನು ಅವಳ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಹಾಳೆಯಿಟ್ಟುಕೊಂಡು, ಆ ಪದ ಹೊಡೆದುಹಾಕಿ ಅವಳು ಹೇಳಿದ್ದನ್ನು ಬರೆದೆ.